ರಾಯರ ರೀಡಿಂಗು

ಅರವತ್ತು ದಾಟಿದ ಗಂಡಸರು ಬೆಳಗಿನ ವಾಕಿಂಗಿನಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಅಂತ ಮನೆಯ ಹೆಂಗಸರಿಗೆ ಕುತೂಹಲವಿದ್ದರೆ ಹೇಳಿಬಿಡುತ್ತೇನೆ. ಪಾರ್ಕಿನ ಮೊದಲ ಸುತ್ತು ರಾಜಕೀಯ. ಎರಡನೆಯದು ತುಟ್ಟಿಭತ್ಯೆ. ಮೂರನೆಯ ಸುತ್ತು ಪೂರಾ ಮೂತ್ರ. ರಾತ್ರಿ ಎಷ್ಟು ಸಲ ಏಳಬೇಕಾಯಿತು, ಧಾರೆ ಹೇಗಿದೆ, ಮುಗಿಯಿತು ಅಂದುಕೊಂಡ ಮೇಲೂ ಎರಡು ತೊಟ್ಟು ಬಾಕಿ ಉಳಿಯುತ್ತದೋ ಹೇಗೆ! ಕಟ್ಟಿಕೊಂಡವಳಿಗೂ ಹೇಳದ ಗುಟ್ಟುಗಳನ್ನು ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತವರಿಗೆ ಧಾರಾಳವಾಗಿ ಹೇಳಿಬಿಡುತ್ತಾರೆ.

ನಮ್ಮ ಪಕ್ಕದ ಮನೆಯ ರಾಯರಿಗೆ ಪಾರ್ಕು ಒಗ್ಗುವುದಿಲ್ಲ. ಅವರದ್ದೇನಿದ್ದರೂ ಕಾಂಪೌಂಡು ಗೋಡೆ. ಕೆಇಬಿಗೆ ಮೀಟರ್ ರೀಡರ್ ಆಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿ ನಿವೃತ್ತರಾದವರು. ಆ ಕೆಇಬಿ ಹೋಗಿ ಎಷ್ಟೋ ಕಾಲವಾಯಿತು, ಮೈಸೂರಿಗೆ ಸೆಸ್ಕ್ ಬಂದಿದೆ. ರಾಯರ ಬಾಯಲ್ಲಿ ಅದು ಇವತ್ತಿಗೂ ಕೆಇಬಿಯೇ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವನು ಅನ್ನುವ ಒಂದೇ ಕಾರಣಕ್ಕೆ ಅವರ ಲೆಕ್ಕದಲ್ಲಿ ನಾನು ಮುಕ್ಕಾಲು ಡಾಕ್ಟರು. ಫೀಸು ಕೇಳದ ಡಾಕ್ಟರು ಎನ್ನುವುದು ಹೆಚ್ಚುವರಿ ಯೋಗ್ಯತೆ.

ಮೊನ್ನೆ ಗೋಡೆಯ ಆಚೆಯಿಂದ ಒಂದು ಫೈಲು ಮೊದಲು ಕಂಡಿತು, ಆಮೇಲೆ ರಾಯರ ತಲೆ.

"ಮೇಷ್ಟ್ರೇ, ಐದು ಪಾಯಿಂಟ್ ಎರಡು ಬಂದುಬಿಟ್ಟಿದೆ ಕಣ್ರೀ."

"ಎಲ್ಲಿ? ಭೂಕಂಪವೇ?"

"ನನ್ನ ಹೊಟ್ಟೆಯೊಳಗೆ! ಪಿಎಸ್ಎ!"

ಬೆಂಗಳೂರಿನ ಸೊಸೆ ಅತ್ತೆ ಮಾವ ಇಬ್ಬರಿಗೂ ಸೇರಿಸಿ ಒಂದು ಹೆಲ್ತ್ ಪ್ಯಾಕೇಜು ಬುಕ್ ಮಾಡಿದ್ದಳು. ಹುಡುಗನೊಬ್ಬ ಬೈಕಿನಲ್ಲಿ ಬಂದು, ಸೋಫಾ ಮೇಲೇ ಕೂರಿಸಿ ರಕ್ತ ಎಳೆದುಕೊಂಡು ಹೋದ. ಸಂಜೆಗೆ ಮೊಬೈಲಿಗೆ ಹದಿನೆಂಟು ಪುಟದ ವರದಿ. ರಾಯರು ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ, ಪಂಚ್ ಮಾಡಿಸಿ, ಟ್ಯಾಗು ಕಟ್ಟಿ ತಂದಿದ್ದರು. ಸರ್ಕಾರಿ ಕೈಗೆ ಟ್ಯಾಗಿಲ್ಲದ ಕಾಗದ ಕಾಗದವೇ ಅಲ್ಲ. ಪಿಎಸ್ಎ ಸಾಲಿನಲ್ಲಿ 5.2, ಮುಂದೆ ದಪ್ಪಕ್ಷರ, ಅದರ ಮುಂದೆ ನಕ್ಷತ್ರ. 4ರೊಳಗಿರಬೇಕಂತೆ. ರಾತ್ರಿಯೆಲ್ಲ ನಿದ್ದೆಯಿಲ್ಲ ಅಂದರು. ರಾತ್ರಿ ಹೇಗೂ ನಾಲ್ಕು ಸಲ ಏಳುವವರಿಗೆ ನಿದ್ದೆ ಹೋದದ್ದು ಹೇಗೆ ಗೊತ್ತಾಯಿತು ಅಂತ ಕೇಳಬೇಕೆನ್ನಿಸಿತು, ಕೇಳಲಿಲ್ಲ.

"ರಾಯರೇ, ಎರಡು ವಾರದ ಹಿಂದೆ ಉರಿಮೂತ್ರ, ಚಳಿಜ್ವರ ಅಂತ ಆಂಟಿಬಯಾಟಿಕ್ ನುಂಗುತ್ತಿದ್ದವರು ಯಾರು?"

"ನಾನೇ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಸಂಬಂಧವಿದೆ. ಪ್ರಾಸ್ಟೇಟ್ ಅನ್ನುವ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರ ಹೊರಹೋಗುವ ನಾಳವನ್ನು ತಬ್ಬಿಕೊಂಡು ಕೂತಿರುತ್ತದೆ. ಪಿಎಸ್ಎ ಅದು ತಯಾರಿಸುವ ಒಂದು ಪ್ರೋಟೀನು. ವೀರ್ಯ ಗಟ್ಟಿಯಾಗದೆ ತೆಳುವಾಗುವಂತೆ ನೋಡಿಕೊಳ್ಳುವುದು ಅದರ ಅಸಲು ಕಸುಬು. ರಕ್ತಕ್ಕೆ ಸೋರುವುದು ಅತ್ಯಲ್ಪ. ಎಷ್ಟು ಅಲ್ಪ ಅಂದರೆ ಅಳೆಯುವುದು ನ್ಯಾನೋಗ್ರಾಮಿನಲ್ಲಿ, ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ. ಗ್ರಂಥಿ ವಯಸ್ಸಿಗೆ ತಕ್ಕಂತೆ ಊದಿಕೊಂಡರೆ ಸೋರಿಕೆ ಹೆಚ್ಚು. ಸೋಂಕು ತಗುಲಿದರೆ ಇನ್ನೂ ಹೆಚ್ಚು. ಕ್ಯಾತಿಟರ್ ಹಾಕಿದರೂ, ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೂ ಏರುತ್ತದೆ. ಕ್ಯಾನ್ಸರ್ ಆದರೂ ಏರುತ್ತದೆ, ಸರಿ. ಆದರೆ ಆ ಪ್ರೋಟೀನು ಕ್ಯಾನ್ಸರಿನ ಸೊತ್ತಲ್ಲ, ಪ್ರಾಸ್ಟೇಟಿನ ಸೊತ್ತು. 4ರಿಂದ 10ರ ನಡುವೆ ಬಂದು ಬಯಾಪ್ಸಿ ಮಾಡಿಸಿಕೊಂಡವರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ಮಾತ್ರ ಕ್ಯಾನ್ಸರ್ ಸಿಗುತ್ತದೆ ಎನ್ನುವುದು ಪಾಶ್ಚಾತ್ಯ ದೇಶಗಳ ಲೆಕ್ಕ. 4ರ ಕೆಳಗೆ ಇದ್ದವರೆಲ್ಲ ಪಾರು ಅಂತಲೂ ಅಲ್ಲ. ಆ ನಕ್ಷತ್ರ ಮುದ್ರಿಸುವುದು ಕಂಪ್ಯೂಟರು. ಅದಕ್ಕೆ ರಾಯರ ಉರಿಮೂತ್ರದ ಸುದ್ದಿ ತಿಳಿದಿರುವುದಿಲ್ಲ.

ಇಷ್ಟು ಹೇಳಿದರೂ ಅವರ ಮುಖ ಸಡಿಲವಾಗಲಿಲ್ಲ. ಆಗ ಅವರ ಭಾಷೆಗೇ ಇಳಿದೆ.

"ನೀವು ಮೊದಲ ಸಲ ಒಂದು ಮನೆಗೆ ಹೋಗಿದ್ದೀರಿ. ಮೀಟರಿನಲ್ಲಿ 5200 ತೋರಿಸ್ತಾ ಇದೆ. ಬಿಲ್ಲು ಎಷ್ಟು ಬರೀತೀರಿ?"

"ಏನು ಮೇಷ್ಟ್ರೇ, ಹಿಂದಿನ ರೀಡಿಂಗ್ ಇಲ್ಲದೆ ಬಿಲ್ಲು ಬರೆಯೋಕಾಗುತ್ತೇನ್ರೀ? ನನ್ನನ್ನ ಸಸ್ಪೆಂಡ್ ಮಾಡ್ತಾರೆ."

"ಮತ್ತೆ ನಿಮ್ಮ ಹಿಂದಿನ ರೀಡಿಂಗ್ ಎಲ್ಲಿ?"

ರಾಯರು ಫೈಲಿನ ಟ್ಯಾಗನ್ನು ಸುಮ್ಮನೆ ಸುರುಳಿ ಸುತ್ತಿದರು. ಹಿಂದಿನದು ಇರಲಿಲ್ಲ. ಸೋಂಕು ಪೂರ್ತಿ ಇಳಿದು ಆರೆಂಟು ವಾರವಾದ ಮೇಲೆ ಇನ್ನೊಂದು ಸಲ, ಅದೇ ಲ್ಯಾಬಿನಲ್ಲೇ ಮಾಡಿಸಿ, ಎರಡನ್ನೂ ಹಿಡಿದುಕೊಂಡು ಯೂರಾಲಜಿಸ್ಟರ ಹತ್ತಿರ ಹೋಗಿ ಅಂದೆ. ಹೋಗುವುದು ಹೇಗೂ ತಪ್ಪಬಾರದು, ರಾತ್ರಿ ನಾಲ್ಕು ಸಲ ಏಳುವುದಕ್ಕೇ ಅವರು ಯಾವತ್ತೋ ಹೋಗಬೇಕಿತ್ತು.

"ಆದರೂ ನಮ್ಮ ಶಿವಮೊಗ್ಗದ ಅಣ್ಣನೇ ಪುಣ್ಯವಂತ," ಅಂದರು ರಾಯರು. "ಎಂಬತ್ತರ ಹತ್ತಿರ ಬಂದ. ಮೊನ್ನೆ ಅವನದ್ದೂ ನೋಡಿದರು. ಬರೀ 2.6."

"ಅವರು ಪ್ರಾಸ್ಟೇಟಿಗೆ ಮಾತ್ರೆ ತಗೋತಾರಾ?"

"ವರ್ಷಗಟ್ಟಲೆಯಿಂದ. ಅದೇನೋ ಡುಟಾಸ್ಟರೈಡ್ ಅಂತ."

"ಹಾಗಾದರೆ ಅವರ ಮೀಟರು ಸ್ಲೋ. ಎರಡರಿಂದ ಗುಣಿಸಿ."

ರಾಯರು ಬೆರಳು ಮಡಿಸಿ ಗುಣಿಸಿದರು, ಮುಖ ಅರಳಿತು. ಅಣ್ಣನದ್ದೂ 5.2! ಒಬ್ಬರೇ ಕುದಿಯುವುದಕ್ಕಿಂತ ಜೊತೆಗೊಬ್ಬರಿದ್ದರೆ ಎಷ್ಟು ಸಮಾಧಾನ. ಆ ಜಾತಿಯ ಮಾತ್ರೆಗಳನ್ನು ಆರು ತಿಂಗಳು, ವರ್ಷ ತೆಗೆದುಕೊಂಡರೆ ಪಿಎಸ್ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಾಯಿಲೆ ಇಳಿದದ್ದಲ್ಲ, ಅಂಕಿ ಇಳಿದದ್ದು. ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ: ಮಾತ್ರೆ ನುಂಗುತ್ತಿರುವಾಗ ತಳ ಮುಟ್ಟಿದ ಅಂಕಿ ಮತ್ತೆ ಮೇಲೇಳತೊಡಗಿದರೆ, ಇನ್ನೂ 4ರೊಳಗೇ ಇದ್ದರೂ ಡಾಕ್ಟರು ಹುಬ್ಬೇರಿಸುತ್ತಾರೆ.

ಈ ಜಾತಿಯ ಮಾತ್ರೆ ಹುಟ್ಟಿದ ಕಥೆ ರಾಯರಿಗೆ ಬಹಳ ಹಿಡಿಸಿತು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್ಕಿನಲ್ಲಿ ಸಲಿನಾಸ್ ಅಂತ ಒಂದು ಹಳ್ಳಿ. ಅಲ್ಲಿ ಕೆಲವು ಕುಟುಂಬಗಳಲ್ಲಿ ಹೆಣ್ಣು ಅಂತಲೇ ಬೆಳೆಸಿದ ಮಕ್ಕಳು ಹನ್ನೆರಡರ ಆಸುಪಾಸಿನಲ್ಲಿ ದನಿ ಒಡೆದು, ಮಾಂಸಖಂಡ ಬಲಿತು ಗಂಡಾಗುತ್ತಿದ್ದರು. ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯೆ ಅವರನ್ನು ಅಭ್ಯಾಸ ಮಾಡಿ 1974ರಲ್ಲಿ ವರದಿ ಮಾಡಿದಳು. ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ಅದಕ್ಕಿಂತ ಚುರುಕಾದ ಡಿಎಚ್‌ಟಿ ಆಗಿ ಬದಲಾಯಿಸುವ ಕಿಣ್ವ ಆ ಮಕ್ಕಳಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಅಂಥವರಿಗೆ ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಪುಟ್ಟದಾಗಿಯೇ ಉಳಿಯುತ್ತಿತ್ತು, ತಲೆಯೂ ಬೋಳಾಗುತ್ತಿರಲಿಲ್ಲ. ಔಷಧ ಕಂಪನಿಗೆ ಇಷ್ಟು ಸುಳಿವು ಸಾಕಾಯಿತು. ಆ ಕಿಣ್ವವನ್ನೇ ತಡೆಯುವ ಫಿನಾಸ್ಟರೈಡ್ 1992ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು.

"ತಲೆ ಬೋಳಾಗಲ್ವಾ?" ರಾಯರ ಕೈ ತನ್ನಷ್ಟಕ್ಕೆ ನೆತ್ತಿಗೆ ಹೋಯಿತು.

"ಪ್ರಾಸ್ಟೇಟಿಗೆ 5 ಮಿಲಿಗ್ರಾಂ, ಅದರ ಐದರಲ್ಲೊಂದು ಪಾಲು ಕೂದಲಿಗೆ. ನಿಮ್ಮ ಮಗ ತಗೊಂಡರೂ ಅವನ ಪಿಎಸ್ಎ ಇಳಿಯುತ್ತೆ. ಕೂದಲಿನ ಮಾತ್ರೆ ತಾನೇ ಅಂತ ಯಾರೂ ಡಾಕ್ಟರಿಗೆ ಹೇಳೋದಿಲ್ಲ."

ಪಿಎಸ್ಎ ಪರೀಕ್ಷೆಯ ಚರಿತ್ರೆಯೇ ನನಗೆ ತಮಾಷೆಯಾಗಿ ಕಾಣುತ್ತದೆ. ಪ್ರಾಸ್ಟೇಟಿನಲ್ಲಿ ಅಂಥದ್ದೊಂದು ವಸ್ತುವಿದೆ ಅಂತ 1970ರಲ್ಲಿ ಹೇಳಿದವರಲ್ಲಿ ರಿಚರ್ಡ್ ಆಬ್ಲಿನ್ ಒಬ್ಬ. 1986ರಲ್ಲಿ ಅಮೆರಿಕದ ಔಷಧ ಇಲಾಖೆ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು, ಕ್ಯಾನ್ಸರ್ ಅಂತ ಆಗಲೇ ಗೊತ್ತಾದವರಲ್ಲಿ ಅದು ಮರುಕಳಿಸುತ್ತಿದೆಯೇ ಅಂತ ಕಾಯಲು ಮಾತ್ರ. ಹೊಸದಾಗಿ ಪತ್ತೆಹಚ್ಚಲು, ಅದೂ ಗುದದ್ವಾರದ ಬೆರಳಿನ ಪರೀಕ್ಷೆಯ ಜೊತೆಗೆ, ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಅಲ್ಲಿಂದ ಅದು ಆರೋಗ್ಯವಂತರ ಹಿಂದೆ ಬಿತ್ತು. 2010ರಲ್ಲಿ ಆಬ್ಲಿನ್ ತಾನೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದು, ಈ ಪರೀಕ್ಷೆಯನ್ನು ಎಲ್ಲರ ಮೇಲೆ ಹೇರಿದ್ದು ದುಬಾರಿ ಅನಾಹುತ ಎಂದು ಝಾಡಿಸಿದ. ಆತನದ್ದು ಒಂದು ಕೊನೆ. ಯುರೋಪಿನಲ್ಲಿ ಬಹಳ ವರ್ಷ ನಡೆಸಿದ ದೊಡ್ಡ ಅಧ್ಯಯನದಲ್ಲಿ, ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದದ್ದೂ ನಿಜ. ಅಮೆರಿಕದ ಸಲಹಾ ಸಮಿತಿ 2012ರಲ್ಲಿ ಯಾರಿಗೂ ಬೇಡ ಅಂದಿತು. 2018ರಲ್ಲಿ ಸ್ವಲ್ಪ ಮೆತ್ತಗಾಗಿ, 55ರಿಂದ 69ರವರು ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಲಿ, 70 ದಾಟಿದ ಮೇಲೆ ಸುಮ್ಮಸುಮ್ಮನೆ ಬೇಡ ಅಂದಿತು. ರಾಯರಿಗೆ 72. ಸೊಸೆಯ ಪ್ಯಾಕೇಜಿಗೆ ಇದೆಲ್ಲ ಲೆಕ್ಕಕ್ಕಿಲ್ಲ.

ನನ್ನ ತಕರಾರು ಇಷ್ಟೇ. ಕಾಯಿಲೆಯ ಬೆನ್ನು ಹತ್ತಿ ಹೋಗಲು ಹುಟ್ಟಿದ ಅಂಕಿಯನ್ನು ನಾವು ಭವಿಷ್ಯ ಕೇಳಲು ಬಳಸುತ್ತೇವೆ. ಬೆನ್ನು ಹತ್ತಿ ಹೋಗುವ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ. ಪ್ರಾಸ್ಟೇಟನ್ನೇ ಪೂರಾ ತೆಗೆದುಹಾಕಿದರು ಅನ್ನಿ. ರಕ್ತದಲ್ಲಿ ಉಳಿದ ಪಿಎಸ್ಎ ಎರಡು ಮೂರು ದಿನಕ್ಕೊಮ್ಮೆ ಅರ್ಧರ್ಧವಾಗುತ್ತಾ ಕೆಲವು ವಾರಗಳಲ್ಲಿ ಪತ್ತೆಯಿಲ್ಲದಂತಾಗಬೇಕು. ಆಮೇಲೆ ಯಾವಾಗಲೋ 0.2 ಮುಟ್ಟಿ, ಎರಡನೆಯ ಸಲವೂ ಹಾಗೇ ಬಂತು ಅನ್ನಿ.

"ಮೀಟರು ಕಿತ್ತುಕೊಂಡು ಹೋದ ಮೇಲೂ ಕರೆಂಟು ಉರೀತಿದೆ," ಅಂದರು ರಾಯರು ತಟ್ಟನೆ. "ಎಲ್ಲೋ ಕೊಕ್ಕೆ ಹಾಕಿದ್ದಾರೆ!"

ಸರಿಯಾಗಿ ಹಿಡಿದರು. ಪ್ಯಾಕೇಜಿನಲ್ಲಿ 0.2 ಬಂದ ಮನುಷ್ಯ ಊರೆಲ್ಲ ಸಿಹಿ ಹಂಚುತ್ತಾನೆ; ಆಪರೇಷನ್ ಆದವನಿಗೆ ಅದೇ 0.2 ಎಚ್ಚರಿಕೆಯ ಗಂಟೆ.

ರಾಯರಿಗೆ ಈಗ ಹುರುಪು ಬಂತು. ಹಾಸನದಲ್ಲಿರುವ ಅವರ ಭಾವಮೈದನಿಗೆ ಈ ಕ್ಯಾನ್ಸರ್ ಮೂಳೆಗೆ ಹರಡಿ, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಪಿಎಸ್ಎ ನೂರಾರಿದ್ದದ್ದು ಒಂದರ ಕೆಳಗಿಳಿಯಿತು. ಸಂತೋಷ. ಆದರೆ ಹಿಂದೆಂದೂ ಇಲ್ಲದ ಸಕ್ಕರೆ ಕಾಯಿಲೆ ಶುರುವಾಗಿದೆ, ಸೊಂಟದ ಸುತ್ತಳತೆ ಏರಿದೆ. "ಎರಡಕ್ಕೂ ಏನ್ರೀ ನಂಟು? ಅವನ ಹೆಂಡತಿ ಮೈಸೂರುಪಾಕು ಕಣ್ತಪ್ಪಿಸಿ ತಿಂತಾನೆ ಅಂತ ದೂರು ಹೇಳ್ತಾಳೆ."

ಇದಕ್ಕೆ ಉತ್ತರ ಷಿಕಾಗೋದಿಂದ ಹೇಳಬೇಕು. ಕೆನಡಾದಲ್ಲಿ ಹುಟ್ಟಿದ ಚಾರ್ಲ್ಸ್ ಹಗಿನ್ಸ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಯೂರಾಲಜಿಸ್ಟ್. ಮನುಷ್ಯರ ಹಾಗೆ ಮುಪ್ಪಿನಲ್ಲಿ ಪ್ರಾಸ್ಟೇಟ್ ಊದಿಕೊಳ್ಳುವ ಪ್ರಾಣಿಗಳು ಬಹಳ ಇಲ್ಲ. ನಾಯಿಗೆ ಆ ಭಾಗ್ಯವಿದೆ. ಹಗಿನ್ಸ್ ನಾಯಿಗಳ ಪ್ರಾಸ್ಟೇಟಿನ ರಸವನ್ನು ಅಳೆಯುತ್ತಾ ಕೂತ. ವೃಷಣ ತೆಗೆದರೆ ರಸ ಬತ್ತುತ್ತದೆ, ಗ್ರಂಥಿ ಕುಗ್ಗುತ್ತದೆ. ಟೆಸ್ಟೋಸ್ಟಿರೋನ್ ಕೊಟ್ಟರೆ ಮತ್ತೆ ಜಿನುಗುತ್ತದೆ. ಹಾಗಾದರೆ ಪ್ರಾಸ್ಟೇಟಿನ ಕ್ಯಾನ್ಸರೂ ಇದೇ ಹಾರ್ಮೋನಿನ ಅನ್ನ ತಿಂದೇ ಬದುಕುತ್ತಿರಬಹುದಲ್ಲ? ಆಗಿನ ಕಾಲಕ್ಕೆ, ಕ್ಯಾನ್ಸರ್ ಕಣ ಎಂದರೆ ಯಾರ ಮಾತೂ ಕೇಳದ ಪುಂಡ ಎಂದೇ ಎಲ್ಲರೂ ನಂಬಿದ್ದರು. ಅವನ ಅದೃಷ್ಟಕ್ಕೆ ಅಳೆಯಲು ಒಂದು ಸಾಧನ ಸಿದ್ಧವಿತ್ತು: ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ರಕ್ತದ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಏರುತ್ತದೆ ಅಂತ ನ್ಯೂಯಾರ್ಕಿನ ಗಟ್‌ಮನ್ ದಂಪತಿ 1938ರಲ್ಲಿ ತೋರಿಸಿದ್ದರು. 1941ರಲ್ಲಿ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ ಪ್ರಕಟಿಸಿದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ವೃಷಣ ತೆಗೆದರೆ ಅಥವಾ ಹೆಣ್ಣು ಹಾರ್ಮೋನು ಕೊಟ್ಟರೆ ಆ ಅಂಕಿ ಇಳಿಯುತ್ತದೆ. ಗಂಡು ಹಾರ್ಮೋನು ಚುಚ್ಚಿದರೆ ಏರುತ್ತದೆ. ನೋವಿನಿಂದ ನರಳುತ್ತಿದ್ದವರು ಎದ್ದು ಕೂತರು. ರಕ್ತದ ಅಳತೆಗೋಲಿನಿಂದ ಕ್ಯಾನ್ಸರನ್ನು ಕಾಯುವ ಕೆಲಸ ಅಲ್ಲಿಂದ ಶುರು ಅನ್ನಬಹುದು. ನೊಬೆಲ್ ಬಂದದ್ದು 25 ವರ್ಷದ ನಂತರ, 1966ರಲ್ಲಿ. ಕಾದದ್ದು ಬಹಳವಾಯಿತು ಅಂತ ಮರುಗಬೇಡಿ, ಅವನ ಜೊತೆಗೇ ಪ್ರಶಸ್ತಿ ಹಂಚಿಕೊಂಡ ಪೇಟನ್ ರೌಸ್ ಕೋಳಿಯ ಗಡ್ಡೆಯ ಮೇಲೆ ತನ್ನ ಕೆಲಸ ಪ್ರಕಟಿಸಿದ್ದು 1911ರಲ್ಲಿ!

ಈಗ ಶಸ್ತ್ರದ ಬದಲು ಇಂಜೆಕ್ಷನ್. ಮೆದುಳಿನಿಂದ ವೃಷಣಕ್ಕೆ ಹೋಗುವ ಆಜ್ಞೆಯನ್ನೇ ಅದು ನಿಲ್ಲಿಸುತ್ತದೆ. ರಕ್ತದ ಟೆಸ್ಟೋಸ್ಟಿರೋನ್ ಡೆಸಿಲೀಟರಿಗೆ 50 ನ್ಯಾನೋಗ್ರಾಮಿನ ಕೆಳಗೆ ಬಿದ್ದಿರಬೇಕು. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು. ಪಿಎಸ್ಎ ಏರಿ, ಟೆಸ್ಟೋಸ್ಟಿರೋನೂ ಏರಿದ್ದರೆ ಇಂಜೆಕ್ಷನ್ ಸರಿಯಾಗಿ ಕೆಲಸ ಮಾಡಿಲ್ಲ ಅಂತ ಅರ್ಥ. ಟೆಸ್ಟೋಸ್ಟಿರೋನ್ ನೆಲಕಚ್ಚಿದ್ದರೂ ಪಿಎಸ್ಎ ಏರುತ್ತಿದ್ದರೆ ಕ್ಯಾನ್ಸರ್ ಬೇರೆ ದಾರಿ ಕಂಡುಕೊಂಡಿದೆ, ಔಷಧ ಬದಲಾಗಬೇಕು. ಒಂದನ್ನೇ ನೋಡಿದರೆ ಈ ವ್ಯತ್ಯಾಸ ತಿಳಿಯುವ ಬಗೆಯೇ ಇಲ್ಲ.

ಇನ್ನು ಮೈಸೂರುಪಾಕು. ಗಂಡು ಹಾರ್ಮೋನು ಇಳಿದ ಮೈಯಲ್ಲಿ ಮಾಂಸಖಂಡ ಕರಗಿ ಕೊಬ್ಬು ಕೂರುತ್ತದೆ, ಇನ್ಸುಲಿನ್ ಮಾತು ನಡೆಯುವುದಿಲ್ಲ, ಸಕ್ಕರೆ ಏರುತ್ತದೆ, ಕೊಲೆಸ್ಟರಾಲ್ ಏರುತ್ತದೆ, ಮೂಳೆ ಸವೆಯುತ್ತದೆ. ಪಿಎಸ್ಎ ಒಂದನ್ನೇ ನೋಡಿ ಗೆದ್ದೆವು ಅಂದುಕೊಂಡವರು ಹೃದಯದ ಕಡೆಯಿಂದ ಪೆಟ್ಟು ತಿನ್ನುವುದುಂಟು. ಹಾಗಾಗಿ ಆ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಸಕ್ಕರೆಯ ಎಚ್‌ಬಿಎ1ಸಿ, ಕೊಲೆಸ್ಟರಾಲ್, ರಕ್ತದೊತ್ತಡ, ಮೂಳೆಯ ಸಾಂದ್ರತೆ ಇವೂ ಕಾಯಿಲೆಯ ಲೆಕ್ಕಕ್ಕೇ ಸೇರಿದವು.

"ಹಾಗಾದರೆ ಅವನು ಮೈಸೂರುಪಾಕು ತಿಂದಿಲ್ಲ ಅಂತೀರಾ?"

"ತಿಂದಿರಬಹುದು. ಆದರೆ ಅದೊಂದರದ್ದೇ ತಪ್ಪಲ್ಲ."

ಇಷ್ಟು ಹೊತ್ತಿಗೆ ರಾಯರ ಮನೆಯವರು ಹಿತ್ತಲಿಗೆ ಬಂದು, ಒಣಹಾಕಿದ ಹಪ್ಪಳ ತಿರುವಿಹಾಕುತ್ತಾ ನಿಂತರು. "ಬೆಳಗಿನಿಂದ ಇವರದ್ದೇ ಕಥೆ ಮೇಷ್ಟ್ರೇ. ಅದೇ ಫೈಲಿನಲ್ಲಿ ಹಿಂದುಗಡೆ ನನ್ನದೂ ಇದೆ. ಯಾರೂ ತಿರುವಿ ನೋಡಿಲ್ಲ."

ತಿರುವಿದೆ. ಸಕ್ಕರೆ ಸರಿ, ಥೈರಾಯ್ಡ್ ಸರಿ, ಕ್ರಿಯಾಟಿನಿನ್ ಸರಿ. ನಡುವೆ ಒಂದು ಸಾಲು: ಕ್ಯಾಲ್ಸಿಯಂ 11.1. ಅದಕ್ಕೂ ನಕ್ಷತ್ರವಿತ್ತು. 10ರ ಸುಮಾರಿಗೆ ನಿಲ್ಲಬೇಕಾದ್ದು. ಅತ್ತಿಗೆಯವರಿಗೆ ಕಿಡ್ನಿಯಲ್ಲಿ ಕಲ್ಲು ಹೊಸದಲ್ಲ. ಬಂದು, ನೋವು ಕೊಟ್ಟು, ಹೋಗಿ, ಮತ್ತೆ ಬಂದಿದೆ. ಒಮ್ಮೆ ಒಂದು ಆಸ್ಪತ್ರೆಯಲ್ಲಿ ಲೇಸರಿನಿಂದ ಪುಡಿ ಮಾಡಿಸಿದ್ದೂ ಆಗಿದೆ. ಕಲ್ಲು ಒಡೆಯಲು ಎಲ್ಲರೂ ಸಿದ್ಧ. ಅದು ಯಾಕೆ ಕಟ್ಟುತ್ತಿದೆ ಅಂತ ಕೇಳಿದವರು ಯಾರೂ ಇಲ್ಲ.

ನನಗೆ ರಾಯರ 5.2ಕ್ಕಿಂತ ಈ 11.1 ಹೆಚ್ಚು ಮಾತಾಡುವಂತೆ ಕಂಡಿತು.

"ಅತ್ತಿಗೆ, ಪಿಟಿಎಚ್ ಅಂತ ಒಂದು ಟೆಸ್ಟು ಮಾಡಿಸಿದ್ದಾರಾ? ಪ್ಯಾರಾಥೈರಾಯ್ಡ್ ಹಾರ್ಮೋನು?"

"ಥೈರಾಯ್ಡ್ ನಾರ್ಮಲ್ ಇದೆಯಲ್ಲ?"

ಹೆಸರು ಅಂಟಿಕೊಂಡಿದೆ, ಕೆಲಸ ಬೇರೆ. ಥೈರಾಯ್ಡಿನ ಹಿಂಬದಿಯಲ್ಲಿ ಬೇಳೆಕಾಳಿನ ಗಾತ್ರದ ನಾಲ್ಕು ಗ್ರಂಥಿಗಳು. ರಕ್ತದ ಕ್ಯಾಲ್ಸಿಯಂ ಕಾಯುವುದು ಅವುಗಳ ಉದ್ಯೋಗ. ಅದು ಕಡಿಮೆಯಾದರೆ ಹಾರ್ಮೋನು ಸುರಿಸಿ ಮೂಳೆಯಿಂದ ಎಳೆಸುತ್ತವೆ, ಹೆಚ್ಚಾದರೆ ಸುಮ್ಮನಾಗುತ್ತವೆ. ಇವನ್ನು ಮೊದಲು ಕಂಡದ್ದು ಯಾರಲ್ಲಿ ಗೊತ್ತೇ? ಲಂಡನ್ ಮೃಗಾಲಯದಲ್ಲಿ 1849ರಲ್ಲಿ ಸತ್ತ ನಮ್ಮ ಭಾರತದ ಘೇಂಡಾಮೃಗದಲ್ಲಿ! ರಿಚರ್ಡ್ ಓವೆನ್ ಅದನ್ನು ಕೊಯ್ದು ನೋಡಿ, ಥೈರಾಯ್ಡಿಗೆ ಅಂಟಿದ ಹಳದಿ ಗ್ರಂಥಿಯೊಂದನ್ನು ಬರೆದಿಟ್ಟ. ಮನುಷ್ಯರಲ್ಲಿ ಅದನ್ನು ಗುರುತಿಸಿ ಹೆಸರಿಟ್ಟವನು ಸ್ವೀಡನ್ನಿನ ಉಪ್ಸಲಾದ ಇವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ.

ನಾಲ್ಕರಲ್ಲಿ ಒಂದು ಗ್ರಂಥಿ ಗಡ್ಡೆಯಾಗಿ ಹಟ ಹಿಡಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್‌ನನ್ನು ನೆನೆಯದೆ ವಿಧಿಯಿಲ್ಲ. ಎತ್ತರದ ಆಳು. ಮೂಳೆಗಳು ಟೊಳ್ಳಾಗಿ, ಮುರಿಯುತ್ತಾ, ಬಾಗುತ್ತಾ ಸುಮಾರು 7 ಇಂಚು ಕುಗ್ಗಿಹೋದ. ಮೂಳೆ ಬಿಟ್ಟ ಕ್ಯಾಲ್ಸಿಯಂ ಮೂತ್ರದಲ್ಲಿ ಮರಳಾಗಿ, ಕಲ್ಲಾಗಿ ಇಳಿಯುತ್ತಿತ್ತು. ಕುತ್ತಿಗೆ ಕೊಯ್ದು ಹುಡುಕಿದರು, ಸಿಗಲಿಲ್ಲ. ಮತ್ತೆ ಹುಡುಕಿದರು, ಸಿಗಲಿಲ್ಲ. ಆರು ಆಪರೇಷನ್ ವ್ಯರ್ಥ. ಅವನೇ ಗ್ರಂಥಾಲಯದಲ್ಲಿ ಕೂತು ಅಂಗರಚನೆಯ ಪುಸ್ತಕ ಓದಿ, ಎದೆಯಲ್ಲಿ ಹುಡುಕಿ ಅಂತ ಒತ್ತಾಯ ಮಾಡಿದನಂತೆ. 1932ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಏಳನೆಯ ಆಪರೇಷನ್; ಗಡ್ಡೆ ಎದೆಯಲ್ಲೇ ಇತ್ತು. ಹಾರ್ಮೋನಿನ ಕಥೆ ಅಲ್ಲಿಗೆ ಗೆದ್ದಂತಾಯಿತು. ಆದರೆ ಕ್ಯಾಪ್ಟನ್ ಉಳಿಯಲಿಲ್ಲ. ಆಗಲೇ ಕಟ್ಟಿಕೊಂಡಿದ್ದ ಕಲ್ಲಿನ ತೊಂದರೆಯಿಂದ ಕೆಲವೇ ವಾರಗಳಲ್ಲಿ ತೀರಿಕೊಂಡ.

ಅತ್ತಿಗೆಯವರು ಹಪ್ಪಳ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದರು. ಹೆದರಿಸಿಬಿಟ್ಟೆನೇನೋ ಅನ್ನಿಸಿ, ಅವನ ಕಾಲಕ್ಕೆ ಈ ಹಾರ್ಮೋನನ್ನು ಅಳೆಯುವ ಉಪಾಯವೇ ಇರಲಿಲ್ಲ ಎಂದು ಬೇಗ ಬೇಗ ಸೇರಿಸಿದೆ. ಇಷ್ಟು ಅಲ್ಪ ಪ್ರಮಾಣದ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ವಿದ್ಯೆ ಕಲಿಸಿದವರು ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. ಮೊದಲು ಇನ್ಸುಲಿನ್, 1963ರಲ್ಲಿ ಈ ಪಿಟಿಎಚ್. ಬರ್ಸನ್ 1972ರಲ್ಲಿ ತೀರಿಕೊಂಡಿದ್ದರಿಂದ 1977ರಲ್ಲಿ ಈ ಕೆಲಸಕ್ಕೆ ಸಿಕ್ಕ ನೊಬೆಲ್ ಪಾಲು ಯಾಲೋ ಒಬ್ಬಳಿಗೇ ಬಂತು. ಆ ವರ್ಷದ ಪ್ರಶಸ್ತಿಯನ್ನು ಅವಳ ಜೊತೆ ಹಂಚಿಕೊಂಡ ಇಬ್ಬರಲ್ಲಿ ಒಬ್ಬ ಆಂಡ್ರ್ಯೂ ಶಾಲಿ. ರಾಯರ ಭಾವಮೈದನ ಇಂಜೆಕ್ಷನ್ನಿಗೆ ಮೂಲವಾದ ಮೆದುಳಿನ ಹಾರ್ಮೋನನ್ನು ಬಿಡಿಸಿದವನು. ಹಾಸನದ ಭಾವಮೈದನೂ ಮೈಸೂರಿನ ಅಕ್ಕನೂ ಒಂದೇ ವರ್ಷದ ನೊಬೆಲ್ಲಿಗೆ ಬಾಕಿದಾರರು.

ಈ ಪಿಟಿಎಚ್ ವಿಷಯದಲ್ಲಿ ವರದಿಯ ನಕ್ಷತ್ರ ಇನ್ನೂ ದೊಡ್ಡ ಮೋಸ ಮಾಡುತ್ತದೆ. ಕ್ಯಾಲ್ಸಿಯಂ 11.1 ಇರುವ ಮೈಯಲ್ಲಿ ಪಿಟಿಎಚ್ ಬಾಯಿ ಮುಚ್ಚಿಕೊಂಡು ತಳ ಹಿಡಿದಿರಬೇಕು. ಮುಚ್ಚದೆ ಮಧ್ಯದಲ್ಲೆಲ್ಲೋ ಇದ್ದರೆ ಲ್ಯಾಬು ನಾರ್ಮಲ್ ಅಂತ ಮುದ್ರಿಸುತ್ತದೆ, ನಕ್ಷತ್ರ ಬೀಳುವುದಿಲ್ಲ. ಆದರೆ ಅದು ನಾರ್ಮಲ್ ಅಲ್ಲ, ಕಳ್ಳ ಸಿಕ್ಕಿಬಿದ್ದ ಹಾಗೆಯೇ. ಇನ್ನೊಂದು ಕಡೆ, ನಮ್ಮ ಜನರಲ್ಲಿ ಧಾರಾಳವಾಗಿರುವ ವಿಟಮಿನ್ ಡಿ ಕೊರತೆಯೂ ಪಿಟಿಎಚ್ಚನ್ನು ಏರಿಸುತ್ತದೆ. ಹಾಗಾಗಿ ಕ್ಯಾಲ್ಸಿಯಂ, ಪಿಟಿಎಚ್, ವಿಟಮಿನ್ ಡಿ ಮೂರನ್ನೂ ಒಂದೇ ದಿನದ ರಕ್ತದಲ್ಲಿ ನೋಡಿದರೆ ಚೆನ್ನ.

"ಕೂದಲು ಉದುರುತ್ತೆ ಅಂತ ಸೊಸೆ ಬಯೋಟಿನ್ ಮಾತ್ರೆ ಕಳಿಸಿದ್ದಾಳೆ. ಅದನ್ನ ತಗೊಂಡೇ ಹೋಗಬಹುದಾ?" ಅಂತ ಕೇಳಿದರು ಅತ್ತಿಗೆ.

ಒಳ್ಳೆಯದಾಯಿತು ಕೇಳಿದ್ದು. ಹೆಚ್ಚಿನ ಪ್ರಮಾಣದ ಬಯೋಟಿನ್ ಇಂಥ ಹಾರ್ಮೋನು ಪರೀಕ್ಷೆಗಳ ರಸಾಯನಕ್ಕೇ ಕೈ ಹಾಕಿ ಸುಳ್ಳು ಅಂಕಿ ಕೊಡಿಸಬಲ್ಲದು ಅಂತ ಅಮೆರಿಕದ ಔಷಧ ಇಲಾಖೆ 2017ರಲ್ಲಿ ಎಚ್ಚರಿಸಿತ್ತು. ಪಿಟಿಎಚ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಗಂಡಸರ ಮೀಟರು ಪ್ರಾಸ್ಟೇಟಿನ ಮಾತ್ರೆಗೆ ಸ್ಲೋ, ಹೆಂಗಸರದ್ದು ಕೂದಲಿನ ಮಾತ್ರೆಗೆ. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಡಾಕ್ಟರನ್ನು ಕೇಳಿ, ಆಮೇಲೆ ರಕ್ತ ಕೊಡಿ ಅಂದೆ.

ಗಡ್ಡೆ ಇರುವುದು ಖಚಿತವಾಗಿ ಆಪರೇಷನ್ನಿಗೆ ಹೋದರೆ ಅಲ್ಲಿ ಈ ಹಾರ್ಮೋನಿನ ಇನ್ನೊಂದು ಗುಣ ಕೆಲಸಕ್ಕೆ ಬರುತ್ತದೆ. ಪಿಎಸ್ಎ ಅರ್ಧವಾಗಲು ಎರಡು ಮೂರು ದಿನ ಬೇಕು. ಪಿಟಿಎಚ್‌ಗೆ ಮೂರು ನಾಲ್ಕು ನಿಮಿಷ ಸಾಕು. ಗಡ್ಡೆ ತೆಗೆದ ಹತ್ತು ನಿಮಿಷಕ್ಕೆ, ರೋಗಿ ಇನ್ನೂ ಮೇಜಿನ ಮೇಲಿರುವಾಗಲೇ ರಕ್ತ ನೋಡುತ್ತಾರೆ. ಅರ್ಧಕ್ಕಿಂತ ಕೆಳಗೆ ಬಿದ್ದಿದ್ದರೆ ಹೊಲಿಗೆ ಹಾಕುತ್ತಾರೆ, ಬಿದ್ದಿಲ್ಲದಿದ್ದರೆ ಇನ್ನೊಂದನ್ನು ಹುಡುಕುತ್ತಾರೆ. ಮಾರ್ಟೆಲ್ ಕ್ಯಾಪ್ಟನ್ನಿಗೆ ಈ ಹತ್ತು ನಿಮಿಷ ಸಿಗಲಿಲ್ಲ.

"ಕಲ್ಲು ಅಂದಾಗಿನಿಂದ ಹಾಲು ಮೊಸರು ಬಿಡಿಸಿಬಿಟ್ಟಿದ್ದಾರೆ ಮೇಷ್ಟ್ರೇ," ಅಂದರು ಅತ್ತಿಗೆ. "ಮಜ್ಜಿಗೆ ಇಲ್ಲದೆ ಊಟ ಮುಗಿಯಿತು ಅನ್ನಿಸೋದೇ ಇಲ್ಲ."

ನನಗೆ ಸಿಟ್ಟು ಬಂತು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಹಾಲಿನಲ್ಲೂ ಇದೆ, ಹಾಲು ಬಿಡಿ ಎನ್ನುವುದು ಕೇಳಲು ಎಷ್ಟು ಸಲೀಸು! ಬಹುಪಾಲು ಕಲ್ಲು ಕ್ಯಾಲ್ಸಿಯಂ ಆಕ್ಸಲೇಟ್. ಊಟದ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಕಟ್ಟಿಹಾಕಿ ಮಲದಲ್ಲಿ ಸಾಗಿಸುತ್ತದೆ. ಹಾಲು ಬಿಟ್ಟರೆ ಆ ಆಕ್ಸಲೇಟ್ ಸಡಿಲವಾಗಿ ರಕ್ತ ಸೇರಿ ಕಿಡ್ನಿಗೆ ಬರುತ್ತದೆ. ಇಟಲಿಯ ಬೋರ್ಗಿ ಮತ್ತು ಸಂಗಡಿಗರು ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಹೋಗುವ 120 ಗಂಡಸರನ್ನು ಐದು ವರ್ಷ ನೋಡಿದರು. ಹಾಲು ಮೊಸರು ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಮತ್ತೆ ಕಲ್ಲು. ಕ್ಯಾಲ್ಸಿಯಂ ಮಾಮೂಲಾಗಿ ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದ 60ರಲ್ಲಿ 12. ಇದು 2002ರ ಮಾತು. ಅದಕ್ಕೂ ಮೊದಲು 1996ರಲ್ಲಿ, ದಿನಕ್ಕೆ 2 ಲೀಟರಿಗೆ ಕಡಿಮೆಯಿಲ್ಲದಂತೆ ಮೂತ್ರ ಹೋಗುವಷ್ಟು ನೀರು ಕುಡಿದವರಲ್ಲಿ ಐದು ವರ್ಷದಲ್ಲಿ ಮತ್ತೆ ಕಲ್ಲಾದದ್ದು ನೂರಕ್ಕೆ 12, ಹಾಗೆ ಕುಡಿಯದವರಲ್ಲಿ 27 ಎಂದು ಅವರೇ ತೋರಿಸಿದ್ದರು. ಬಾಳೆದಿಂಡಿನ ರಸ, ಹುರುಳಿ ಬೇಯಿಸಿದ ನೀರು, ಬಾರ್ಲಿ ನೀರು, ಎಲ್ಲದರಲ್ಲೂ ನೀರಂತೂ ಇದೆ, ಕುಡಿಯಲಿ. ಬೀರು ಕುಡಿದರೆ ಕಲ್ಲು ಕೊಚ್ಚಿ ಹೋಗುತ್ತದೆ ಎನ್ನುವ ಯೂರಾಲಜಿ ಮಾತ್ರ ಬಾರಿನ ಬಾಗಿಲಲ್ಲೇ ನಿಲ್ಲಲಿ. ಬೀರು ಯೂರಿಕ್ ಆಸಿಡ್ ಏರಿಸುತ್ತದೆ, ಅದರದ್ದೇ ಬೇರೆ ಜಾತಿಯ ಕಲ್ಲಿದೆ.

ಕಲ್ಲು ಯಾಕೆ ಕಟ್ಟುತ್ತಿದೆ ಅಂತ ನಿಜವಾಗಿ ತಿಳಿಯಬೇಕಾದರೆ ಒಂದು ದಿನದ ಮೂತ್ರವನ್ನು ಪೂರಾ ಹಿಡಿದು ಕೊಡಬೇಕು. ಅದರಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಸಿಡ್, ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್, ಸೋಡಿಯಂ, ಹುಳಿ ಎಷ್ಟು ಕ್ಷಾರ ಎಷ್ಟು ಎಲ್ಲ ನೋಡುತ್ತಾರೆ. ಸಿಟ್ರೇಟ್ ಕಡಿಮೆ ಬಂದವರಿಗೆ ಪೊಟಾಸಿಯಂ ಸಿಟ್ರೇಟ್ ಕೊಡುತ್ತಾರೆ. ಕೆಲವು ತಿಂಗಳ ಮೇಲೆ ಮತ್ತೆ ಹಿಡಿದು, ಅಂಕಿ ಏರಿತೇ ಅಂತ ನೋಡುತ್ತಾರೆ. ಸೋಡಿಯಂ ಒಂದು ಚಾಡಿಕೋರ. ಉಪ್ಪು ಹೆಚ್ಚು ತಿಂದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಮ್ಮೂ ಹೆಚ್ಚು ಹೋಗುತ್ತದೆ, ಉಪ್ಪಿನಕಾಯಿ ಬಿಟ್ಟಿದ್ದೇನೆ ಅಂತ ಡಾಕ್ಟರ ಮುಂದೆ ಪ್ರಮಾಣ ಮಾಡಿದವರನ್ನು ಅದು ಹಿಡಿದುಕೊಡುತ್ತದೆ.

ಅತ್ತಿಗೆಯವರು ಹಪ್ಪಳದ ಮೇಲೆ ಸೆರಗು ಎಳೆದರು.

"ಕ್ಯಾನು ಕೊಡ್ತಾರೆ," ಅಂದೆ. "ಬೆಳಿಗ್ಗೆ ಎದ್ದಾಗಿನ ಮೊದಲನೆಯದನ್ನು ಚೆಲ್ಲಿ, ಹೊತ್ತು ಬರೆದುಕೊಳ್ಳಿ. ಆಮೇಲಿನದೆಲ್ಲ ಕ್ಯಾನಿಗೆ. ಮಾರನೆಯ ದಿನ ಅದೇ ಹೊತ್ತಿನದೂ ಸೇರಬೇಕು. ನೀರು ಜಾಸ್ತಿ ಕುಡಿದು ಶಿಸ್ತು ತೋರಿಸಬೇಡಿ, ದಿನಾ ಹೇಗಿರ್ತೀರೋ ಹಾಗೇ ಇರಿ."

"ಒಂದು ಸಲ ಮರೆತು ಹೊರಗೆ ಹೋಯಿತು ಅನ್ನಿ, ಅವರಿಗೇನು ಗೊತ್ತಾಗುತ್ತೆ?" ರಾಯರ ಸಂಶಯ.

"ಗೊತ್ತಾಗುತ್ತೆ. ದಿನಕ್ಕೆ ಒಬ್ಬ ಮನುಷ್ಯನ ಮೈಯಿಂದ ಹೋಗುವ ಕ್ರಿಯಾಟಿನಿನ್ ಹೆಚ್ಚುಕಡಿಮೆ ಒಂದೇ. ಕಡಿಮೆ ಬಂದರೆ ಚೆಲ್ಲಿದ್ದೀರಿ, ವಿಪರೀತ ಬಂದರೆ ಇನ್ಯಾರದ್ದೋ ಸೇರಿಸಿದ್ದೀರಿ."

ಅತ್ತಿಗೆ ಲೆಕ್ಕ ಹಾಕಿದರು. ಶುಕ್ರವಾರ ಬೇಡ, ದೇವಸ್ಥಾನ. ಶನಿವಾರ ಒಪ್ಪತ್ತು, ಊಟ ದಿನದ ಹಾಗಿರುವುದಿಲ್ಲ. ಭಾನುವಾರ ಮಗಳು ಅಳಿಯ ಬರುತ್ತಾರೆ, ಮನೆಯಲ್ಲಿರುವುದು ಒಂದೇ ಬಚ್ಚಲು. ಸೋಮವಾರ ಅಂತಾಯಿತು.

"ಅಲ್ಲಿಯವರೆಗೆ ಕ್ಯಾನು ಎಲ್ಲಿಡೋದು?"

"ಖಾಲಿ ಕ್ಯಾನು ಎಲ್ಲಾದರೂ ಇಡಿ. ತುಂಬುತ್ತಿರುವಾಗ ಕೆಲವು ಲ್ಯಾಬಿನವರು ತಣ್ಣಗಿಡಿ ಅಂತಾರೆ. ಫ್ರಿಜ್ಜಿನಲ್ಲಿ…"

ಮಾತು ಮುಗಿಸಲು ಅತ್ತಿಗೆ ಬಿಡಲಿಲ್ಲ. "ಫ್ರಿಜ್ಜಿನಲ್ಲಾ? ಈರುಳ್ಳಿ ಹೆಚ್ಚಿಟ್ಟಿದ್ದಕ್ಕೇ ನಮ್ಮತ್ತೆ ಆ ಫ್ರಿಜ್ಜಿನ ಹಾಲು ಮುಟ್ಟದೆ ಎರಡು ದಿನ ಕೂತಿದ್ದರು! ಒಂದು ಮಾತು ಹೇಳ್ತೀನಿ ಮೇಷ್ಟ್ರೇ, ನಿಮ್ಮನೆಯಲ್ಲಿ ಮಾವಿನಹಣ್ಣು ತಂದ ಥರ್ಮಾಕೋಲ್ ಡಬ್ಬ ಇತ್ತಲ್ಲ, ಅದನ್ನ ಕೊಡಿ. ಐಸು ನಾನು ಮಾಡ್ಕೋತೀನಿ."

ಡಬ್ಬ ಕೊಡುವುದಕ್ಕೆ ನನ್ನದೇನೂ ಅಭ್ಯಂತರವಿಲ್ಲ. ವಾಪಸು ಕೊಡುವುದು ಬೇಡ ಅಂತ ನಮ್ಮನೆಯವಳು ಅಡುಗೆಮನೆಯ ಕಿಟಕಿಯಿಂದಲೇ ಹೇಳಿದಳು.